ಬೆಲ್ಲದ ತೂಕ, ಮೇಲೊಂದು ಕೊಸರು

ಕಾಗವಾಡದ ದ್ರಾಕ್ಷಿ ತೋಟಗಳ ಮೇಲೆ ಕವಿದ ಮಂಜು ಇನ್ನೂ ಎದ್ದಿಲ್ಲ. ತೋಟದ ನಡುವಿನ ಮನೆಯ ಪಡಸಾಲೆಯಲ್ಲಿ ಆರು ವರ್ಷದ ಹುಡುಗನೊಬ್ಬ ಕೌದಿಯೊಳಗೆ ಮುದುಡಿ ಮಲಗಿದ್ದಾನೆ. ದಿಂಬಿನ ಪಕ್ಕ ಕೂತ ಹೊಳೆವ್ವ, ಕೌದಿಯಿಂದ ಅವನ ಒಂದು ತೋಳನ್ನಷ್ಟೇ ಹೊರಗೆ ತೆಗೆದು ನೀಲಿ ಪಟ್ಟಿ ಸುತ್ತುತ್ತಾರೆ. ಯಂತ್ರ ಗುಂಯ್‌ಗುಡುತ್ತದೆ, ಪಟ್ಟಿ ಉಬ್ಬಿ ತೋಳನ್ನು ಹಿಡಿಯುತ್ತದೆ, ಹುಡುಗ ಅರೆಗಣ್ಣು ತೆರೆಯುತ್ತಾನೆ.

“ಏಳಬ್ಯಾಡಪಾ, ಹಂಗ ಮಲ್ಕೋ. ನಾನ ಅದೀನಿ,” ಎನ್ನುತ್ತಾರೆ ಹೊಳೆವ್ವ. ‘ನಾನು’ ಎಂದರೆ ಯಾರೆಂದು ಕೇಳುವಷ್ಟು ಎಚ್ಚರ ಹುಡುಗನಿಗಿಲ್ಲ. ಕಣ್ಣು ಮುಚ್ಚಿಕೊಳ್ಳುತ್ತಾನೆ. ಯಂತ್ರದ ಅಂಕಿಗಳು ಏರಿ, ಇಳಿದು, ಒಂದು ಕಡೆ ನಿಲ್ಲುತ್ತವೆ. ಒಲೆಯ ಮುಂದೆ ಕೂತ ತಾಯಿ ಬಾಯಿ ಬಿಟ್ಟು ಕೇಳುವುದಿಲ್ಲ, ಕಣ್ಣಲ್ಲೇ ಕೇಳುತ್ತಾಳೆ. ಹೊಳೆವ್ವ ತಲೆಯಾಡಿಸಿ “ಚಲೋ ಐತಿ” ಅಂದ ಮೇಲೆಯೇ ಆಕೆ ಚಹಾದ ನೀರಿಗೆ ಸಕ್ಕರೆ ಹಾಕುವುದು.

ಇಷ್ಟು ನಸುಕಿನಲ್ಲೇ ಯಾಕೆ ಎಂದರೆ ಹೊಳೆವ್ವನ ಬಳಿ ಉತ್ತರ ಸಿದ್ಧವಿದೆ. “ಎದ್ದ ಓಡ್ಯಾಡಿದ್ರ, ಅತ್ರ, ಚಾ ಬೇಕಂತ ಹಟಾ ಹಿಡದ್ರ ಬಿಪಿ ಮ್ಯಾಲ ಹೋಗತೈತ್ರಿ. ನಿದ್ದಿ ಇನ್ನೂ ಪೂರಾ ಬಿಟ್ಟಿರಬಾರದು, ಎಚ್ಚರನೂ ಆಗಿರಬೇಕು. ಅಂಥಾ ಹೊತ್ತ ಹಿಡೀಬೇಕು.” ಆ ಹೊತ್ತು ಹಿಡಿಯಲು ಅವರು ಹಿಂದಿನ ಸಂಜೆಯೇ ಬಂದು, ನೆಂಟರ ಹಾಗೆ ಉಂಡು, ನೆಂಟರ ಹಾಗೆ ಮಲಗುತ್ತಾರೆ. ಸಣ್ಣ ಮಕ್ಕಳಿಗೆ ಒಂದು ವರ್ಷವೆಂದರೆ ಬಹಳ ದೂರದ ಹಾದಿ. ಮುಂದಿನ ಸಲ ಅವರು ಬರುವ ಹೊತ್ತಿಗೆ ಹೋದ ಸಲದ ನೆನಪು ನಿದ್ದೆಯಲ್ಲಿ ಕರಗಿ ಹೋಗಿರುತ್ತದೆ. ಹೀಗಾಗಿ ಈ ಸೀಮೆಯ ಎಷ್ಟೋ ಮಕ್ಕಳಿಗೆ ಹೊಳೆವ್ವ ಎಂದರೆ ವರ್ಷಕ್ಕೊಮ್ಮೆ ಬೀಳುವ ಕನಸು. ಮಂಜಿನೊಳಗಿಂದ ಬರುವ, ತೋಳು ಮೆಲ್ಲಗೆ ಹಿಚುಕಿ ಹೋಗುವ, ಬೆಲ್ಲದ ವಾಸನೆಯ ಒಬ್ಬ ಹೆಂಗಸು.

ಈ ಮಕ್ಕಳು ಬಹಳ ಕಾಯಿಸಿ ಬಂದವರು. ಇವರ ತಾಯಂದಿರು ಕೊಲ್ಹಾಪುರಕ್ಕೋ ಬೆಳಗಾವಿಗೋ ವರ್ಷಗಟ್ಟಲೆ ಓಡಾಡಿ, ಸೂಜಿ ಚುಚ್ಚಿಸಿಕೊಂಡು, ಚಿಕಿತ್ಸೆಯಿಂದ ಇವರನ್ನು ಪಡೆದಿದ್ದಾರೆ. ಗರ್ಭ ಸೇರುವ ಮೊದಲು ಕೆಲವು ದಿನ ಗಾಜಿನ ತಟ್ಟೆಯಲ್ಲಿ ಬೆಳೆದ ಜೀವ, ದೊಡ್ಡದಾದ ಮೇಲೂ ಉಳಿದವರಂತೆಯೇ ಇರುತ್ತದೆಯೇ? ಅದರ ಎತ್ತರ, ತೂಕ, ಸಕ್ಕರೆ, ರಕ್ತದೊತ್ತಡ ಬೇರೆ ದಾರಿ ಹಿಡಿಯುತ್ತವೆಯೇ? ಬೆಳಗಾವಿಯ ಸಂಶೋಧನಾ ತಂಡವೊಂದು ಬಹಳ ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆ ಇದು. ತಂಡದ ಮುಖ್ಯಸ್ಥೆ ಡಾಕ್ಟರ್ ಶುಭಾಂಗಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹಾದಿಗಳಲ್ಲಿ ಆ ಪ್ರಶ್ನೆಯನ್ನು ಚೀಲದಲ್ಲಿ ಹೊತ್ತು ತಿರುಗುವವರು ಹೊಳೆವ್ವ. ಪ್ರತಿ ಮಗುವಿಗೂ ಅದೇ ಓಣಿಯ, ಅದೇ ವಯಸ್ಸಿನ, ಚಿಕಿತ್ಸೆಯಿಲ್ಲದೆ ಹುಟ್ಟಿದ ಇನ್ನೊಂದು ಮಗುವನ್ನೂ ಅವರು ಅಳೆಯುತ್ತಾರೆ, ಹೋಲಿಸಿ ನೋಡಲು. ಅದಕ್ಕೆ ಅವರ ಬಾಯಲ್ಲಿ ‘ಜೋಡಿ ಕೂಸು’ ಎಂದು ಹೆಸರು. ಆ ಮನೆಗಳಿಗೆ ಹೇಳುವುದು ಮಕ್ಕಳು ಹೇಗೆ ಬೆಳೆಯುತ್ತಾರೆ ಎಂದು ನೋಡುವ ಅಧ್ಯಯನ ಎಂದಷ್ಟೇ.

ಹದಿನೆಂಟು ತುಂಬುವವರೆಗೆ ಇದಕ್ಕೆಲ್ಲ ತಂದೆ ತಾಯಿಯ ಸಹಿ ಸಾಕು. ಅಲ್ಲಿಂದಾಚೆ ಮಗುವೇ ಒಪ್ಪಬೇಕು. ಒಪ್ಪಬೇಕೆಂದರೆ ತಾನು ಹೇಗೆ ಹುಟ್ಟಿದೆ ಎಂಬುದು ಅದಕ್ಕೆ ಗೊತ್ತಾಗಬೇಕು. ಹೊಳೆವ್ವ ಅಳೆಯಲು ಶುರು ಮಾಡಿದ ಮೊಟ್ಟಮೊದಲ ಮಗು, ಅಲಖನೂರಿನ ಸ್ನೇಹಲಳಿಗೆ, ಈ ತಿಂಗಳು ಹದಿನೆಂಟು ತುಂಬಿದೆ. ಅವಳಿಗೆ ಯಾರೂ ಏನೂ ಹೇಳಿಲ್ಲ. ಹೊಳೆವ್ವ ತನ್ನ ಅಪ್ಪನ ಕಡೆಯ ಅತ್ತೆ ಎಂದೇ ಅವಳು ತಿಳಿದಿದ್ದಾಳೆ. ಹೇಳದೆ ಬಿಟ್ಟರೆ ಹೊಳೆವ್ವ ಕೊನೆತನಕ ಅತ್ತೆಯಾಗಿಯೇ ಉಳಿಯುತ್ತಾರೆ, ಆದರೆ ಆ ಮನೆಗೆ ಹೋಗುವ ಕೆಲಸವೇ ಇರುವುದಿಲ್ಲ. ಹೇಳಿದರೆ ಹುಡುಗಿಯೇ ಕೈ ತಪ್ಪಬಹುದು. ಕಾಗವಾಡದ ಬಸ್ ನಿಲ್ದಾಣದಲ್ಲಿ ಕೂತು ಹೊಳೆವ್ವ ಇದನ್ನೇ ಯೋಚಿಸುತ್ತಿದ್ದಾರೆ, ಎರಡು ಬಸ್ಸು ಬಿಟ್ಟರೂ ಅವರಿಗೆ ಅರಿವಿಲ್ಲ.

ಚಿಕಿತ್ಸೆಯಿಂದ ಹುಟ್ಟಿದ ಉಳಿದ ಮಕ್ಕಳ ಹೆಸರು ಈ ಬರಹದಲ್ಲಿಲ್ಲ, ಇರಬಾರದು. ಅಲಖನೂರಿನ ಮನೆಯವರ ಹೆಸರು ಯಾಕಿದೆ ಎಂಬುದು ಕೊನೆಗೆ ತಾನಾಗಿ ತಿಳಿಯುತ್ತದೆ.

ಹೊಳೆವ್ವ ಸದಲಗಾದವರು. ದೂಧಗಂಗೆ ಉಕ್ಕಿ ಮನೆಯ ಕಟ್ಟೆ ಮುಟ್ಟಿದ ಮಳೆಗಾಲದಲ್ಲಿ ಹುಟ್ಟಿದ್ದಕ್ಕೆ ಈ ಹೆಸರು. ತಂದೆ ತಾಯಿ ಕಬ್ಬು ಕಡಿಯಲು ಹೋಗುತ್ತಿದ್ದವರು. ಹುಡುಗಿ ಏಳನೇ ಇಯತ್ತೆ ಮುಗಿಸಿ, ರಾಜಾರಾಮನನ್ನು ಮದುವೆಯಾಗಿ, ಚಿಕ್ಕೋಡಿಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ಸೇರಿಕೊಂಡಳು. ಹುಟ್ಟಿದ ಕೂಸುಗಳಿಗೆ ನೀರು ಹಾಕುವುದು, ಬಾಣಂತಿಯರ ಸೊಂಟ ಒತ್ತುವುದು ಆಕೆಯ ಕೆಲಸ. ಎಲ್ಲೆಲ್ಲೋ ಚಿಕಿತ್ಸೆ ಪಡೆದ ಹೆಂಗಸರು ಹೆರಿಗೆಗೆ ಮಾತ್ರ ಊರ ಹತ್ತಿರದ ಈ ಆಸ್ಪತ್ರೆಗೆ ಬರುತ್ತಿದ್ದರು. ಅವರು ಯಾರ ಬಳಿಯೂ ಹೇಳಿಕೊಳ್ಳಲಾಗದ್ದನ್ನು ಸೊಂಟ ಒತ್ತುವವಳ ಬಳಿ ಹೇಳಿಕೊಂಡು ಹಗುರಾಗುತ್ತಿದ್ದರು. ಮುಂದೆ ಡಾಕ್ಟರ್ ಶುಭಾಂಗಿ ಈ ಅಧ್ಯಯನ ಶುರು ಮಾಡಿದಾಗ, ಕಲಿತ ಹುಡುಗಿಯರು ಫೈಲು ಹಿಡಿದು ಹೋದ ಮನೆಗಳೆಲ್ಲ ಬಾಗಿಲು ಮುಚ್ಚಿದವು. “ಆ ಆಯಾ ಬಂದ್ರ ಬರ್ಲಿ” ಎಂದು ಮುಚ್ಚಿದ ಬಾಗಿಲ ಹಿಂದಿನಿಂದಲೇ ಹೇಳಿದವರು ಹಲವರು. ಡಾಕ್ಟರು ಸದಲಗಾದ ಓಣಿ ಹುಡುಕಿಕೊಂಡು ಬಂದರು, ಬಿಪಿ ನೋಡುವುದನ್ನೂ ಎತ್ತರ ಅಳೆಯುವುದನ್ನೂ ಸಕ್ಕರೆ ನೋಡಲು ದೊಡ್ಡ ಮಕ್ಕಳ ಬೆರಳಿಂದ ರಕ್ತ ತೆಗೆಯುವುದನ್ನೂ ಕಲಿಸಿದರು.

ಬಾಗಿಲು ತೆರೆದದ್ದೇನೋ ಸರಿ, ಅದರ ಜೊತೆಗೆ ಒಂದು ಕರಾರೂ ಬಂತು. ಊರಿಗೆ ಗೊತ್ತಾಗಬಾರದು. ಮಗು ಯಾರದೋ ಎಂದಾರು, ಅದರಲ್ಲೇನೋ ಐಬಿದೆ ಎಂದಾರು ಎಂಬ ಭಯ ಅವರಿಗೆ. ಅಂದಿನಿಂದ ಹೊಳೆವ್ವ ಒಂದೊಂದು ಮನೆಗೆ ಒಂದೊಂದು ಬಳಗ. ಅಥಣಿಯಲ್ಲಿ ತಾಯಿಯ ಮಾವಶಿ, ನಿಪ್ಪಾಣಿಯಲ್ಲಿ ಅಜ್ಜನ ಕಡೆಯ ಯಾರೋ, ಅಲಖನೂರಿನಲ್ಲಿ ಅತ್ತೆ. ಕಟ್ಟೆಯ ಮೇಲೆ ಬುಟ್ಟಿ ಬೋರಲು ಹಾಕಿದ್ದರೆ ಮನೆಯಲ್ಲಿ ಪರರಿದ್ದಾರೆ ಎಂದರ್ಥ, ಹೊಳೆವ್ವ ನಿಲ್ಲದೆ ಮುಂದೆ ನಡೆಯುತ್ತಾರೆ. ನಿಪ್ಪಾಣಿಯ ಸಂತೆಯಲ್ಲಿ ಎದುರಾದ ತಾಯಂದಿರು ಗುರುತು ತೋರಿಸುವುದಿಲ್ಲ, ಇವರೂ ಬದನೆಕಾಯಿ ಆರಿಸುವುದರಲ್ಲಿ ತಲೆ ತಗ್ಗಿಸುತ್ತಾರೆ. ಒಮ್ಮೆ ಮದುವೆಯೊಂದರ ಊಟದ ಸಾಲಿನಲ್ಲಿ ಅಂಥ ಮೂವರು ತಾಯಂದಿರು ಒಬ್ಬರ ಪಕ್ಕ ಒಬ್ಬರು ಕೂತಿದ್ದರು. ಮೂವರಿಗೂ ತಾನೊಬ್ಬಳೇ ಹೀಗೆ ಎಂಬ ಭಾರ. ಎದುರು ಸಾಲಿನಲ್ಲಿದ್ದ ಹೊಳೆವ್ವನಿಗೆ ಮಾತ್ರ ಮೂವರ ಸಂಗತಿಯೂ ಗೊತ್ತು.

“ಅವತ್ತ ತುತ್ತ ಇಳೀಲಿಲ್ರಿ,” ಎಂದು ನೆನೆಯುತ್ತಾರೆ. “ಎದ್ದ ಹೋಗಿ ಮೂರೂ ಮಂದಿ ಕೈ ಹಿಡದ ಒಂದರಾಗ ಒಂದ ಇಡಬೇಕ ಅನಿಸ್ತು. ಎಲ್ಲಿಂದ ಇಡೂದ್ರಿ? ಹೋಳಿಗಿ ಬಡಸ್ಕೊಂಡ ಕುಂತ್ನಿ.”

ಅವರ ಗಂಡ ರಾಜಾರಾಮ ಡೇರಿಗೆ ಹಾಲು ಹಾಕಿ ಬಂದವರು ಇದನ್ನು ಕೇಳಿ ನಗುತ್ತಾರೆ. “ಐದ ತಾಲೂಕಿನಾಗ ನನಗ ಎಷ್ಟ ಮಂದಿ ಬೀಗರ ಅದಾರ ಅಂತ ನನಗ ಗೊತ್ತಿಲ್ರಿ. ಒಬ್ರರ ಒಂದ ದಿನ ಊಟಕ್ಕ ಕರದಿಲ್ಲ.” ಹೊಳೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಆದರೆ ಒಂದು ವಿಷಯದಲ್ಲಿ ಅವರು ಬಿಗಿ. ಮಕ್ಕಳು ಅತ್ತಿ ಎಂದು ಕರೆದರೆ ಓಗೊಡುತ್ತಾರೆ, ಅತ್ತೆಗೆ ಅಣ್ಣತಮ್ಮಂದಿರ ಮಗಳು ಈ ಸೀಮೆಯಲ್ಲಿ ಸೊಸಿ, ಆದರೆ ತಾವಾಗಿ ಯಾರನ್ನೂ ‘ನಮ್ಮ ಸೊಸಿ’ ಎಂದು ಕರೆದಿಲ್ಲ. “ಆ ಸುಳ್ಳ ಅವರದ ರೀ, ಅವರ ಅಂಜಿಕಿಗೆ ಅವರ ಹೇಳ್ತಾರ. ನಾ ನನ್ನ ಬಾಯಲೆ ಅಂದ್ರ ಇಲ್ಲದ ಬಳಗ ಕಸಗೊಂಡಂಗ ಆಕ್ಕೈತಿ.” ಅವರ ಆಸೆಯೂ ಸಣ್ಣದೇ. ಒಂದು ದಿನ ಸಂತೆಯ ನಡುವೆ ಯಾರಾದರೂ ಒಬ್ಬ ತಾಯಿ ನಾಕು ಮಂದಿಗೆ ಕೇಳುವಂತೆ “ಹೊಳೆವ್ವಾ” ಎಂದು ಕೂಗಬೇಕು.

ಬೆಲ್ಲದ ವಾಸನೆಯ ಕಥೆ ಅಲಖನೂರಿನಿಂದಲೇ ಶುರುವಾಗುತ್ತದೆ. ಅಲ್ಲಿ ಕಬ್ಬಿನ ಗದ್ದೆಗಳ ನಡುವೆ ಕಾಳವ್ವನ ಮನೆ, ಹಿತ್ತಲಿಗೆ ಹೊಂದಿಕೊಂಡು ಸ್ವಂತದ ಬೆಲ್ಲದ ಗಾಣ. ಮಗ ಅಮೋಲ, ಸೊಸೆ ಸಪನಾ. ಮದುವೆಯಾಗಿ ಹತ್ತು ವರ್ಷವಾದರೂ ಸಪನಾಳ ಮಡಿಲು ತುಂಬದಿದ್ದಾಗ ಕಾಳವ್ವ ಚಿಂಚಲಿಯ ಮಾಯಕ್ಕನಿಗೆ ಹರಕೆ ಹೊತ್ತರು, ಅದರ ಮರುವಾರವೇ ಸೊಸೆಯನ್ನು ಆಸ್ಪತ್ರೆಗೂ ಕಳಿಸಿದರು. ಸ್ನೇಹಲ ಹುಟ್ಟಿದಾಗ ಊರಿಗೆ ಹೇಳಿದ್ದು ಹರಕೆಯನ್ನು ಮಾತ್ರ. ಅವಳಿಗೆ ಎರಡು ವರ್ಷವಾದಾಗ ಹೊಳೆವ್ವ ಮೊದಲ ಸಲ ಬಂದು ಕರೆಂಟಿನ ತೂಕದ ಯಂತ್ರ ತೆಗೆದಿಟ್ಟರೆ ಮುದುಕಿ ಅಡ್ಡ ನಿಂತರು.

“ಹರಕಿ ಕೂಸನ್ನ ಹಂಗ ತೂಗಬಾರದ ಬೇ. ದಿಟ್ಟಿ ಆಕ್ಕೈತಿ. ತೂಗೂದಿದ್ರ ಬೆಲ್ಲದ ಸರೀಕ ತೂಗಬೇಕು, ಆ ಬೆಲ್ಲಾ ಹಂಚಬೇಕು.”

ಹೊಳೆವ್ವ ವಾದಕ್ಕೆ ಇಳಿಯಲಿಲ್ಲ. ಗಾಣದ ಮನೆಯ ತೊಲೆಗೆ ದೊಡ್ಡ ತಕ್ಕಡಿ ಕಟ್ಟಿಸಿದರು. ಒಂದು ಪರಡಿಯಲ್ಲಿ ಕೂಸು, ಇನ್ನೊಂದರಲ್ಲಿ ಬೆಲ್ಲದ ಪೆಂಟೆಗಳು. ತಕ್ಕಡಿ ಸಮನಾದ ಮೇಲೆ ಆ ಬೆಲ್ಲವನ್ನಷ್ಟೇ ಯಂತ್ರದ ಮೇಲಿಟ್ಟು ತೂಕ ಬರೆದುಕೊಂಡರು. ಕೂಸನ್ನು ಯಂತ್ರಕ್ಕೆ ಇಡಲಿಲ್ಲ, ದಿಟ್ಟಿಯ ಮಾತೂ ಬರಲಿಲ್ಲ. ಕಾಕಂಬಿಯ ಹೊಗೆ, ಬಿಸಿಲಕೋಲು, ಗಾಳಿಯಲ್ಲಿ ತೇಲಾಡುತ್ತ ನಗುವ ಕೂಸು. ಬೆಲ್ಲ ಅಂಗನವಾಡಿಗೆ ಹೋಯಿತು. ಈ ಉಪಾಯ ಒಬ್ಬ ತಾಯಿಯಿಂದ ಇನ್ನೊಬ್ಬರಿಗೆ ಹೋಗುವಂತಿರಲಿಲ್ಲ, ಅವರು ಒಬ್ಬರಿಗೊಬ್ಬರು ಗೊತ್ತೇ ಇಲ್ಲ. ಹೊಳೆವ್ವನೇ ರಾಯಬಾಗದ ಕಡೆಯ ಹರಕೆಯ ಮನೆಗಳಿಗೆಲ್ಲ ಅದನ್ನು ಒಯ್ದರು. ಜೋಡಿ ಕೂಸುಗಳಿಗೆ ಹರಕೆಯ ಕಾಟವಿಲ್ಲ. ಸ್ನೇಹಲಳ ಜೋಡಿ, ಓಣಿಯ ತುದಿಯ ಮನೆಯ ಸಂಗ್ರಾಮ, ಸೀದಾ ಯಂತ್ರದ ಮೇಲೆ ನಿಲ್ಲುತ್ತಿದ್ದ.

ಮೂರು ವರ್ಷ ಹೀಗೇ ನಡೆಯಿತು. ಅತ್ತ ಬೆಳಗಾವಿಯಲ್ಲಿ ಡಾಕ್ಟರ್ ಶುಭಾಂಗಿಯ ನಿದ್ದೆ ಹಾರಿಹೋಗಿತ್ತು. ರಾಯಬಾಗದ ಕಡೆ ಚಿಕಿತ್ಸೆಯಿಂದ ಹುಟ್ಟಿದ ಮಕ್ಕಳು ತಮ್ಮ ಜೋಡಿಗಳಿಗಿಂತ ಪ್ರತಿ ವರ್ಷವೂ ಭಾರ. ಬಹಳವಲ್ಲ, ಅರ್ಧ ಕಿಲೋ, ಮುಕ್ಕಾಲು ಕಿಲೋ. ಆದರೆ ಒಬ್ಬರನ್ನೂ ಬಿಡದೆ ಎಲ್ಲರೂ. ಈ ಮಕ್ಕಳ ಮೈ ಈಗಿನಿಂದಲೇ ಬೇರೆ ಹಾದಿ ಹಿಡಿದಿದೆಯೇ? ಮುಂದೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಕಾದಿದೆಯೇ? ದೊಡ್ಡ ಸಭೆಯೊಂದರಲ್ಲಿ ಇದನ್ನು ಹೇಳುವ ತಯಾರಿಯೂ ನಡೆದಿತ್ತು. ಹೇಳುವ ಮೊದಲು ಒಮ್ಮೆ ಕಣ್ಣಾರೆ ನೋಡೋಣ ಎಂದು ಡಾಕ್ಟರು ಹೊಳೆವ್ವನ ಜೊತೆ ಅಲಖನೂರಿಗೆ ಬಂದರು.

ಗಾಣದ ಮನೆಯಲ್ಲಿ ಐದು ವರ್ಷದ ಸ್ನೇಹಲ ಪರಡಿಯಲ್ಲಿ ಕೂತಳು. ಕಾಳವ್ವ ಪೆಂಟೆಗಳನ್ನು ಹೇರಿದರು, ಚೂರುಗಳನ್ನು ಹಾಕಿ ತೆಗೆದು ಮುಳ್ಳು ನಡುವೆ ನಿಲ್ಲುವವರೆಗೂ ತಾಳ್ಮೆಯಿಂದ ಹೊಂದಿಸಿದರು. ಡಾಕ್ಟರಿಗೆ ಸಮಾಧಾನವಾಯಿತು. ಆಮೇಲೆ ಕಾಳವ್ವ ಕೈಮುಗಿದು, ತೆಂಗಿನಕಾಯಿ ಗಾತ್ರದ ಒಂದು ಬೆಲ್ಲದ ಗಟ್ಟಿ ಮುರಿದು ಪರಡಿಗೆ ಇಟ್ಟರು. ಪರಡಿ ಕೆಳಗಿಳಿಯಿತು, ಸ್ನೇಹಲ ಕಿಲಕಿಲ ನಗುತ್ತ ಮೇಲಕ್ಕೆ ಹೋದಳು. ಹೊಳೆವ್ವ ಬೆಲ್ಲವನ್ನೆಲ್ಲ ಬಾಚಿ ಯಂತ್ರದ ಮೇಲಿಡಲು ಬಾಗಿದರು.

“ಅದ್ಯಾಕೆ ಇಟ್ರಿ?” ಎಂದರು ಡಾಕ್ಟರು.

“ಕೊಸರು,” ಎಂದರು ಕಾಳವ್ವ, ಇದೂ ಒಂದು ಕೇಳುವ ಮಾತೇ ಎಂಬಂತೆ. “ಕೊಸರ ಇಲ್ಲದ ತೂಗಿದ್ರ ಕೊಟ್ಟಂಗ ಆಕ್ಕೈತೇನ್ರಿ ಬಾಯಾರ? ಯಾಪಾರ ಮಾಡಿದಂಗ ಆಕ್ಕೈತಿ.”

ಡಾಕ್ಟರು ಅಲ್ಲೇ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕೂತುಬಿಟ್ಟರು. ಎಲ್ಲ ಹರಕೆಯ ಮನೆಗಳಲ್ಲೂ ಹೀಗೇ ಆಗಿತ್ತು. ಒಬ್ಬ ಅಜ್ಜಿಯ ಕೈ ದೊಡ್ಡದು, ಇನ್ನೊಬ್ಬರದು ಸಣ್ಣದು, ಆದರೆ ಕೊಸರಿಲ್ಲದ ಮನೆ ಒಂದೂ ಇರಲಿಲ್ಲ. ಮಕ್ಕಳ ಮೈಯಲ್ಲಿ ಕಂಡ ಭಾರವೆಲ್ಲ ಅಜ್ಜಿಯರ ಧಾರಾಳ. ಡಾಕ್ಟರು ಬಂದು ನೋಡದೇ ಹೋಗಿದ್ದರೆ ಕಾಳವ್ವನ ಅಂಗೈಯ ಮೇಲೆ ಒಂದು ದೊಡ್ಡ ಸಿದ್ಧಾಂತವೇ ಕಟ್ಟಿ ನಿಲ್ಲುತ್ತಿತ್ತು.

“ನನಗ ಅದು ತೂಕ ಅಂತ ಹೊಳೀಲೇ ಇಲ್ರಿ,” ಎನ್ನುವಾಗ ಹೊಳೆವ್ವನ ದನಿ ಈಗಲೂ ಇಳಿಯುತ್ತದೆ. “ಸಣ್ಣಾಕಿದ್ದಾಗಿಂದ ನೋಡೀನಿ. ಜ್ವಾಳ ಅಳೀಲಿ, ಹಾಲ ಅಳೀಲಿ, ಮ್ಯಾಲ ಒಂದೀಟ ಹಾಕೇ ಹಾಕ್ತಾರ. ಅದನ್ನ ಯಾರರ ಎಣಸ್ತಾರೇನ್ರಿ? ಕೊಸರ ಅಂದ್ರ ಕೊಸರು. ನನ್ನಿಂದ ಆ ಮಕ್ಕಳಿಗೆ ಇಲ್ಲದ ಜಡ್ಡ ಬರ್ತಿತ್ತು.” ಯಾವ ಅಜ್ಜಿ ಎಷ್ಟು ಇಟ್ಟಿದ್ದರು ಎಂದು ಹೇಳಲಾಗದ್ದರಿಂದ ಆ ಮೂರು ವರ್ಷದ ತೂಕಗಳನ್ನೆಲ್ಲ ಕೈಬಿಡಬೇಕಾಯಿತು. ಕೆಲಸ ಹೋಯಿತೆಂದೇ ತಿಳಿದು ಹೊಳೆವ್ವ ಚೀಲ, ಯಂತ್ರ ಎಲ್ಲ ಒರೆಸಿ ಒಪ್ಪಿಸಲು ಹೋದರು. ಡಾಕ್ಟರು ಅದನ್ನು ಮುಟ್ಟಲೂ ಇಲ್ಲ. ಹೊಸ ಪದ್ಧತಿ ಇಷ್ಟೇ. ಮುಳ್ಳು ನಿಂತ ಕೂಡಲೇ ತೂಕ ಬರೆಯುವುದು, ಕೊಸರನ್ನು ಆಮೇಲೆ ಬೇರೆ ತಟ್ಟೆಯಲ್ಲಿಡುವುದು, ಆ ಹೊತ್ತಿಗೆ ಗಾಣದ ಬಳಿ ಯಾರಿರುತ್ತಾರೋ ಅವರ ಬಾಯಿಗೆ ಅದು.

ಇಷ್ಟು ವರ್ಷದಲ್ಲಿ ಗೊತ್ತಾಗಿದ್ದೇನು? “ನಾವು ನೋಡುತ್ತಿರುವ ಈ ಮಕ್ಕಳಲ್ಲಿ ಹೆದರುವಂಥದ್ದು ಕಂಡಿಲ್ಲ,” ಎನ್ನುತ್ತಾರೆ ಡಾಕ್ಟರ್ ಶುಭಾಂಗಿ. “ಆದರೆ ಮೂವತ್ತರಲ್ಲಿ, ನಲವತ್ತರಲ್ಲಿ ಹೇಗೆ ಅನ್ನೋದು ಅವರು ಅಲ್ಲಿಗೆ ತಲುಪಿದ ಮೇಲಷ್ಟೇ ತಿಳಿಯುತ್ತೆ. ಅದಕ್ಕೇ ಅವರು ನಮ್ಮ ಜೊತೆ ಉಳಿಯಬೇಕು.” ಹೊಳೆವ್ವನನ್ನು ಕೇಳಿದರೆ ಉತ್ತರ ಇನ್ನೂ ಸಣ್ಣದು: “ಬೆಳದಾವ್ರಿ. ಹೊಸ್ತಿಲಾ ದಾಟಾಕ ಬರದಿದ್ದಾವು ಈಗ ತಲಿ ಬಗ್ಗಿಸಿ ಬಾಗಿಲಾ ದಾಟ್ತಾವು.” ಅವರಿಗೆ ಆಗಾಗ ಒಂದು ಕನಸು ಬೀಳುತ್ತದಂತೆ. ದೂಧಗಂಗೆಯ ನೀರಲ್ಲಿ ಮಕ್ಕಳೆಲ್ಲ ಎದೆಮಟ್ಟ ನಿಂತಿರುತ್ತಾರೆ. ಇದರಲ್ಲಿ ಚಿಕಿತ್ಸೆಯವರು ಯಾರು, ಜೋಡಿಯವರು ಯಾರು, ಬೇರೆ ಮಾಡು ಎಂದು ದಡದಿಂದ ಯಾರೋ ಕೂಗುತ್ತಾರೆ. ಹೊಳೆವ್ವ ಒಬ್ಬೊಬ್ಬರ ಮುಖ ಹಿಡಿದು ನೋಡುತ್ತ ಹೋಗುತ್ತಾರೆ, ಯಾರೆಂದು ತಿಳಿಯುವುದೇ ಇಲ್ಲ, ನೀರು ಬೆಚ್ಚಗಿರುತ್ತದೆ. ಬಹಳ ಚಂದದ ಕನಸು ಎನ್ನುತ್ತಾರೆ.

ಕಾಗವಾಡದಿಂದ ಹೊರಟ ಹೊಳೆವ್ವ ಸಂಜೆ ಅಲಖನೂರಿನಲ್ಲಿ ಇಳಿಯುತ್ತಾರೆ. ಸ್ನೇಹಲ ಈಗ ಪಿಯುಸಿ ಮುಗಿಸಿದ್ದಾಳೆ. ಅವಳು ಗೆಳತಿಯ ಮನೆಗೆ ಹೋದ ಸಮಯ ನೋಡಿ ಕಾಳವ್ವ ಬಾಯಿ ತೆರೆಯುತ್ತಾರೆ.

“ಇಷ್ಟ ದಿನ ಮುಚ್ಚಿಟ್ಟದ್ದು ಇನ್ನ ಹೇಳೂದ್ಯಾಕ? ನಾಳೆ ಕನ್ಯಾ ನೋಡಾಕ ಬರವ್ರ ಕಿವಿಗೆ ಬಿದ್ರ ಏನಂತಾರ? ನಿನ್ನ ಕೆಲಸಾ ಮುಗೀತಲ್ಲ, ಉಂಡ ಹೋಗು. ಬ್ಯಾರೆ ಮಾತ ಬ್ಯಾಡ.”

ಅತ್ತೆ ಒಳಗೆ ಹೋದ ಮೇಲೆ ಸಪನಾ ಹೊಳೆವ್ವನ ಕೈ ಹಿಡಿಯುತ್ತಾರೆ. “ಎಷ್ಟ ಸಲಾ ಬಾಯಿ ತನಕ ಬಂದೈತ್ರಿ ಅಕ್ಕಾ. ತಾ ನಮ್ಮ ಹೊಟ್ಟೀದಲ್ಲ ಅಂತ ಆಕಿ ತಿಳ್ಕೊಂಡ್ರ ಏನ್ ಮಾಡ್ಲಿ? ನಾ ಶುರು ಮಾಡ್ತೀನಿ. ನೀವ ಬಾಜೂಕ ಇರ್ರಿ.”

ನಸುಕು. ಸ್ನೇಹಲ ಮಲಗಿದ್ದಾಳೆ. ಕಣ್ಣು ತೆರೆಯದೆಯೇ, ವರ್ಷವರ್ಷದ ರೂಢಿಯಂತೆ, ತೋಳನ್ನು ಕೌದಿಯ ಹೊರಗೆ ಚಾಚುತ್ತಾಳೆ. ಯಂತ್ರ ಗುಂಯ್‌ಗುಟ್ಟಿ ನಿಲ್ಲುತ್ತದೆ. ಹೊಳೆವ್ವ “ಚಲೋ ಐತಿ” ಎನ್ನುತ್ತಾರೆ, ಆದರೆ ತೋಳು ಬಿಡುವುದಿಲ್ಲ.

“ಎದ್ದೀಯೇನವಾ? ನಿಮ್ಮವ್ವ ನಿನಗ ಒಂದ ಮಾತ ಹೇಳೂದೈತಿ.”

ಸಪನಾ ಹಾಸಿಗೆಯ ತುದಿಗೆ ಕೂತು ಶುರು ಮಾಡುತ್ತಾರೆ. ಹತ್ತು ವರ್ಷ ಕಾದದ್ದು, ಊರವರ ಮಾತು, ಬೆಳಗಾವಿಯ ಆಸ್ಪತ್ರೆ. ಗಾಜಿನ ತಟ್ಟೆಯವರೆಗೆ ಬಂದಾಗ ಹೊಳೆವ್ವನ ಕಡೆ ತಿರುಗುತ್ತಾರೆ. ಉಳಿದದ್ದನ್ನು ಹೊಳೆವ್ವ ಹೇಳುತ್ತಾರೆ. ನೀನು ನಿಮ್ಮವ್ವ ಅಪ್ಪಂದೇ, ಇಬ್ಬರದೂ ಪೂರಾ. ಒಳಗ ಸೇರೂ ಮೊದಲ ನಾಕ ದಿನಾ ಹೊರಗಿದ್ದಿ, ಅಷ್ಟ. ಅಂಥ ಮಕ್ಕಳು ದೊಡ್ಡವರಾದ ಮೇಲೆ ಹ್ಯಾಂಗ ಇರ್ತಾರ ಅಂತ ನೋಡಾಕ ನಾ ಬರ್ತಿದ್ನಿ. ಇನ್ನ ಮುಂದ ಬರಬೇಕೋ ಬ್ಯಾಡೋ ನೀನ ಹೇಳಬೇಕು.

ಸ್ನೇಹಲ ಕೌದಿ ಸರಿಸಿ ಎದ್ದು ಕೂರುತ್ತಾಳೆ.

“ಅಷ್ಟನಾ?” ಎನ್ನುತ್ತಾಳೆ. ಕಣ್ಣಿಂದ ನೀರು ಇಳಿಯುತ್ತಿದೆ. “ನನಗೇನೋ ದೊಡ್ಡ ಜಡ್ಡ ಐತಿ ಅಂತ ತಿಳ್ಕೊಂಡಿದ್ನಿ. ಐದನೇತ್ತೆ ಇದ್ದಾಗಿಂದ. ನನ್ನ ಗೆಳತ್ಯಾರ ಯಾರಿಗೂ ವರ್ಷಾ ರಕ್ತಾ ತಗೊಳ್ಳೂದಿಲ್ಲ, ನನಗ ಯಾಕ? ನೀ ಚಲೋ ಐತಿ ಅನ್ನೂತನಕ ಅವ್ವ ಚಾಕ್ಕ ಸಕ್ಕರಿ ಹಾಕ್ತಿರಲಿಲ್ಲ. ಕಣ್ಣ ಮುಚ್ಕೊಂಡ ಕೇಳ್ತಿದ್ನಿ. ಒಂದ ದಿನ ಆ ಮಾತ ಬರೂದಿಲ್ಲ, ಅವತ್ತ ಗೊತ್ತಾಗತೈತಿ ಅಂತ ಅಂಜತಿದ್ನಿ.”

ಸಪನಾ ಮಗಳನ್ನು ಬಾಚಿ ತಬ್ಬಿಕೊಳ್ಳುತ್ತಾರೆ. ಹೊಳೆವ್ವ ಇಷ್ಟು ವರ್ಷ ಆ ತೋಳಿನ ಒತ್ತಡ ಅಳೆದರು, ಅದರೊಳಗಿದ್ದ ಭಯ ಅವರ ಕೈಗೆ ಸಿಗಲಿಲ್ಲ. ಊರಿನ ಬಾಯಿಗೆ ಅಂಜಿ ಎಲ್ಲರೂ ಕೂಡಿ ಮುಚ್ಚಿಟ್ಟದ್ದು ಒಂದು ಮಗುವನ್ನು ವರ್ಷಗಟ್ಟಲೆ ಕತ್ತಲಲ್ಲಿ ಒಂಟಿಯಾಗಿ ಕೂರಿಸಿತ್ತು. ಹೊಳೆವ್ವ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಾರೆ.

“ಹಂಗಾರ ಸಂಗ್ರಾಮನ್ನ ಯಾಕ ಅಳೀತಿದ್ರಿ?” ಸ್ನೇಹಲ ಮೂಗು ಒರೆಸಿಕೊಳ್ಳುತ್ತ ಕೇಳುತ್ತಾಳೆ.

“ನಿನ್ನ ಸರೀಕ ಇಟ್ಟ ನೋಡಾಕ.”

“ಅಂದ್ರ ಆಂವಾ ನನ್ನ ತೂಕದ ಕಲ್ಲಾ?” ಅಳುವಿನ ನಡುವೆಯೇ ಅವಳಿಗೆ ನಗು ಬರುತ್ತದೆ. ಮರುಕ್ಷಣ ನಗು ನಿಲ್ಲುತ್ತದೆ. “ಮತ್ತ ನೀ? ನೀ ನನ್ನ ಅತ್ತಿ ಅಲ್ಲಾ?”

ಹೊಳೆವ್ವ ಈ ಪ್ರಶ್ನೆಗೆ ಹೆದರಿಯೇ ಎರಡು ಬಸ್ಸು ಬಿಟ್ಟವರು. “ಅಲ್ಲವಾ,” ಎನ್ನುತ್ತಾರೆ. “ಬಳಗಾ ಏನೂ ಅಲ್ಲ. ನೀ ಹುಟ್ಟಿದಾಗ ನಿನಗ ಮೊದಲ ನೀರ ಹಾಕಿದಾಕಿ.”

ಸ್ನೇಹಲ ಅವರ ಮುಖವನ್ನೇ ನೋಡುತ್ತಾಳೆ. ಎದ್ದು ಹಿತ್ತಲಿಗೆ ಹೋಗುತ್ತಾಳೆ. ಹೊಳೆವ್ವ ಪಟ್ಟಿ ಸುತ್ತಿ ಚೀಲಕ್ಕೆ ಹಾಕುತ್ತಾರೆ. ಹೋಯಿತು ಎಂದುಕೊಳ್ಳುತ್ತಾರೆ. ಸಪನಾ ಚಹಾ ತಂದಿಟ್ಟರೆ ಅದನ್ನೂ ಮುಟ್ಟುವುದಿಲ್ಲ. ಆಗ ಗಾಣದ ಮನೆಯ ಕಡೆಯಿಂದ ತಕ್ಕಡಿಯ ಸರಪಳಿಯ ಸದ್ದು ಕೇಳುತ್ತದೆ.

“ತೂಗೂದಿಲ್ಲೇನ್ರಿ ಯಾರೂ?” ಸ್ನೇಹಲಳ ಕೂಗು, ಆಮೇಲೆ ಅಜ್ಜಿಗೆ, “ಆಯಿ, ಬೆಲ್ಲಾ ತಾ!”

ಅವಳು ಮೊಣಕಾಲು ಮಡಚಿ ಪರಡಿಯಲ್ಲಿ ಕೂತಿದ್ದಾಳೆ. ಈಗ ಕಾಲು ಬಿಟ್ಟರೆ ನೆಲ ಸಿಗುತ್ತದೆ. ಸಂಜೆಯಿಂದ ಮಾತು ಬಿಟ್ಟಿದ್ದ ಕಾಳವ್ವ ಗೊಣಗುತ್ತಲೇ ಬರುತ್ತಾರೆ, ಅಮೋಲ ದೊಡ್ಡ ಪೆಂಟೆಗಳನ್ನು ಹೊತ್ತು ಹಾಕುತ್ತಾರೆ. ಮುದುಕಿ ಚೂರು ಹಾಕಿ ಚೂರು ತೆಗೆದು ಮುಳ್ಳನ್ನು ನಡುವೆ ನಿಲ್ಲಿಸುವವರೆಗೂ ಬಿಡುವುದಿಲ್ಲ. ಹೊಳೆವ್ವ ತೂಕ ಬರೆದುಕೊಳ್ಳುತ್ತಾರೆ. ಆಮೇಲೆ ಕಾಳವ್ವ ಒಂದು ಗಟ್ಟಿ ಮುರಿದು ಹಿತ್ತಾಳೆಯ ತಟ್ಟೆಯಲ್ಲಿಡುತ್ತಾರೆ. ಮೊಮ್ಮಗಳ ಮುಖ ನೋಡಿ, ಇನ್ನೊಂದು ಚೂರನ್ನೂ ಸೇರಿಸುತ್ತಾರೆ.

ಸ್ನೇಹಲ ಕೆಳಗಿಳಿದು ತಟ್ಟೆಯಿಂದ ಆ ಬೆಲ್ಲ ಎತ್ತಿಕೊಳ್ಳುತ್ತಾಳೆ. ಪ್ರತಿ ವರ್ಷ ಅದನ್ನು ಗಾಣದ ಮಂದಿಗೆ ಹಂಚುವವಳು ಅವಳೇ. ಈ ಸಲ ನೇರ ಹೊಳೆವ್ವನ ಮುಂದೆ ಬಂದು, ಅವರ ಸೆರಗು ಬಿಡಿಸಿ ಉಡಿಯಲ್ಲಿ ಹಾಕುತ್ತಾಳೆ.

“ಇದು ನನ್ನ ತೂಕದಾಗ ಬರೂದಿಲ್ಲ, ನೀನ ಕಲಿಸೀದಿ,” ಎನ್ನುತ್ತಾಳೆ. “ಲೆಕ್ಕದಾಗ ಇರದಿದ್ರೂ ಕೊಡೂದ ಬಿಡಾಕ ಬರೂದಿಲ್ಲ. ಇದು ನಿಂದು, ಅತ್ತಿ. ಸಹಿ ಎಲ್ಲಿ ಮಾಡ್ಲಿ ತೋರಸು.”

ಹೆಸರು ಬದಲಿಸಿ ಬರೆಯಲೇ ಎಂದು ಆಮೇಲೆ ಕೇಳಿದಾಗ ಸ್ನೇಹಲ ಒಪ್ಪಲಿಲ್ಲ. “ಮುಚ್ಚಿಟ್ಟಿದ್ದಕ್ಕ ನಾ ಜಡ್ಡ ಐತಿ ಅಂತ ತಿಳ್ಕೊಂಡ್ನಿ. ಹಂಗ ತಿಳ್ಕೊಂಡವ್ರ ಇನ್ನೂ ಎಷ್ಟ ಮಂದಿ ಅದಾರೋ. ಹೆಸರ ಇರ್ಲಿ.” ಸಪನಾ, ಅಮೋಲ ಇಬ್ಬರೂ ಹೂಂ ಎಂದರು. ಕಾಳವ್ವ ಎರಡು ದಿನ ಮುಖ ತಿರುಗಿಸಿ ಕೂತರು, ಮೂರನೇ ದಿನ “ನಂದೂ ಬರ್ಕೋ ಅನ್ನು, ಬೆಲ್ಲಾ ನಂದ ಐತಿ” ಎಂದು ಹೇಳಿ ಕಳಿಸಿದರು.

ಆದರೆ ಅದು ಆಮೇಲಿನ ಮಾತು. ಆ ಬೆಳಿಗ್ಗೆ ಹೊಳೆವ್ವ ಚಿಕ್ಕೋಡಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂರುತ್ತಾರೆ. ಹೊರಗೆ ಕಬ್ಬಿನ ಸೂಲಂಗಿಗಳು ಮಂಜಿನಲ್ಲಿ ಬೆಳ್ಳಗೆ ತೂಗುತ್ತಿವೆ. ಬಸ್ಸಿನ ತುಂಬ ಸಂತೆಗೆ ಹೊರಟ ಮಂದಿ. ಕಂಡಕ್ಟರು ಹತ್ತಿರ ಬಂದು ಗಾಳಿ ಮೂಸುತ್ತಾರೆ. “ಏನ್ ಬಾಯಾರ, ಉಡಿಯಾಗ ಹೊಸಾ ಬೆಲ್ಲ? ಗಾಣಕ್ಕ ಹೋಗಿದ್ರೇನ?”

ಹೊಳೆವ್ವ ಸೆರಗು ಬಿಚ್ಚಿ ಒಂದು ಚೂರು ಮುರಿದು ಅವರ ಕೈಗಿಡುತ್ತಾರೆ, ಹಿಂದಿನ ಸೀಟಿನ ಅಜ್ಜಿಗೊಂದು, ಎದುರಿನ ಕೂಸಿಗೊಂದು. ಆಮೇಲೆ ಇಡೀ ಬಸ್ಸಿಗೆ ಕೇಳುವಂತೆ ಹೇಳುತ್ತಾರೆ.

“ಇಲ್ರಿ. ನಮ್ಮ ಸೊಸಿ ಕೊಟ್ಟಾಳ.”